ಹಾಲಿಗೆ ಮುಖ ತಿರುಗಿಸಿ ಗಟ್ಟಿ ಆಹಾರ ಬಯಸುವ ಕೂಸು: ಪೋಷಕರು ತಿಳಿದಿರಬೇಕಾದ ಸಂಗತಿಗಳು

ಅನ್ನಪ್ರಾಶನ ಮುಗಿದ ಕೆಲವೇ ವಾರಗಳಲ್ಲಿ ಕೆಲವು ಶಿಶುಗಳ ಅಭಿರುಚಿ ಬದಲಾಗುತ್ತದೆ. ರಾಗಿ ಸರಿಯ ಬಟ್ಟಲು ಕಂಡೊಡನೆ ಬಾಯಿ ತೆರೆಯುವ ಮಗು ಎದೆಹಾಲಿಗಾಗಲೀ, ಲೋಟದ ಹಾಲಿಗಾಗಲೀ ಮುಖ ತಿರುಗಿಸುತ್ತದೆ. ಮಗು ಊಟ ಕಲಿಯಿತೆಂದು ಮನೆಯ ಹಿರಿಯರು ಸಂತಸಪಟ್ಟರೆ, ತಾಯಿ ಮಾತ್ರ ಆತಂಕಕ್ಕೊಳಗಾಗುತ್ತಾಳೆ. ಈ ಎರಡರಲ್ಲಿ ಯಾವುದು ಸರಿ ಎಂಬುದು ಮುಖ್ಯವಾಗಿ ಮಗುವಿನ ವಯಸ್ಸನ್ನು ಅವಲಂಬಿಸಿದೆ.

ಲೆಕ್ಕ ಏನು ಹೇಳುತ್ತದೆ?

ಮೊದಲ ಆರು ತಿಂಗಳು ಎದೆಹಾಲನ್ನು ಮಾತ್ರ ಕೊಡಬೇಕು, ನಂತರ ಪೂರಕ ಆಹಾರ ಆರಂಭಿಸಿ ಎರಡು ವರ್ಷ ಅಥವಾ ಅದಕ್ಕೂ ಮೀರಿ ಎದೆಹಾಲು ಮುಂದುವರಿಸಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಇಲ್ಲಿ ‘ಪೂರಕ’ ಎಂಬ ಪದವೇ ಮುಖ್ಯ. ಈ ಆಹಾರ ಹಾಲಿನ ಜೊತೆಗೆ ಸೇರಬೇಕಾದದ್ದೇ ಹೊರತು ಹಾಲಿನ ಸ್ಥಾನವನ್ನು ಆಕ್ರಮಿಸಬೇಕಾದದ್ದಲ್ಲ.

6ರಿಂದ 8 ತಿಂಗಳ ಮಗುವಿಗೆ ದಿನಕ್ಕೆ ಸುಮಾರು 600 ಕಿಲೊಕ್ಯಾಲೊರಿ ಶಕ್ತಿ ಬೇಕು. ಅದರಲ್ಲಿ ಆಹಾರದಿಂದ ಬರಬೇಕಾದದ್ದು ಸುಮಾರು 200 ಮಾತ್ರ. ಉಳಿದ 400 ಹಾಲಿನ ಪಾಲು. 9ರಿಂದ 11 ತಿಂಗಳಲ್ಲಿ ಆಹಾರದ ಪಾಲು ಸುಮಾರು 300ಕ್ಕೂ, ವರ್ಷ ತುಂಬಿದ ಮೇಲೆ ಸುಮಾರು 550ಕ್ಕೂ ಏರುತ್ತದೆ. ಅಂದರೆ ಏಳು ತಿಂಗಳ ಕೂಸು ಹಾಲನ್ನು ಪೂರ್ತಿ ಬಿಟ್ಟರೆ ಆ ಕೊರತೆ ತುಂಬಲು ಮೂರು ಪಟ್ಟು ಆಹಾರ ತಿನ್ನಬೇಕಾಗುತ್ತದೆ. ಶಿಶುವಿನ ಜಠರದ ಸಾಮರ್ಥ್ಯವಾದರೋ ಪ್ರತಿ ಕಿಲೊ ತೂಕಕ್ಕೆ ಸುಮಾರು 30 ಮಿಲಿಲೀಟರ್ ಅಷ್ಟೆ. ಎಂಟು ಕಿಲೊ ತೂಗುವ ಮಗುವಿನ ಹೊಟ್ಟೆ ಒಂದು ದೊಡ್ಡ ಲೋಟದಷ್ಟಕ್ಕೇ ತುಂಬಿಹೋಗುತ್ತದೆ. ತೆಳು ಗಂಜಿಯನ್ನೋ, ಬೇಳೆಕಟ್ಟನ್ನೋ ಕುಡಿಸಿದರೆ ಹೊಟ್ಟೆ ತುಂಬುತ್ತದೆ, ಪೋಷಣೆ ಸಿಗದು. ಮಗು ಚೆನ್ನಾಗಿ ಉಣ್ಣುತ್ತಿದ್ದರೂ ತೂಕ ಏರುವುದಿಲ್ಲ ಎಂಬ ದೂರಿನ ಹಿಂದೆ ಅನೇಕ ವೇಳೆ ಇದೇ ಕಾರಣವಿರುತ್ತದೆ.

ವರ್ಷ ತುಂಬಿದ ನಂತರ ಚಿತ್ರ ಬದಲಾಗುತ್ತದೆ. ಆಗ ಮನೆಯ ಊಟವೇ ಪ್ರಧಾನ, ಹಾಲು ಅದರ ಒಂದು ಭಾಗ. ಈ ವಯಸ್ಸಿನಲ್ಲಿ ಮಗು ಹಾಲು ಕಡಿಮೆ ಮಾಡಿ ಊಟ ಹೆಚ್ಚಿಸಿದರೆ ಅದು ಸಹಜ ಬೆಳವಣಿಗೆ. ಬದಲಿಗೆ ದಿನಕ್ಕೆ ಅರ್ಧ ಲೀಟರ್‌ಗಿಂತ ಹೆಚ್ಚು ಹಸುವಿನ ಹಾಲು ಕುಡಿದು ಊಟ ಬಿಡುವ ಮಗುವಿಗೇ ರಕ್ತಹೀನತೆಯ ಭಯ ಹೆಚ್ಚು. ಹಸುವಿನ ಹಾಲಿನಲ್ಲಿ ಕಬ್ಬಿಣಾಂಶ ತೀರಾ ಕಡಿಮೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ 6ರಿಂದ 59 ತಿಂಗಳ ಮಕ್ಕಳಲ್ಲಿ ಶೇ. 65.5ರಷ್ಟು ಮಂದಿಗೆ ರಕ್ತಹೀನತೆಯಿತ್ತು.

ಹಾಲು ಒಲ್ಲೆನೆನ್ನಲು ಕಾರಣಗಳು

ಹಾಲು ಕುಡಿಯುತ್ತಿದ್ದ ಮಗು ಹಠಾತ್ತನೆ ನಿರಾಕರಿಸಿದರೆ ಮೊದಲು ನೋವಿದೆಯೇ ಎಂದು ಪರಿಶೀಲಿಸಬೇಕು. ಕಿವಿಯ ಸೋಂಕು, ಕಟ್ಟಿದ ಮೂಗು, ಹಲ್ಲು ಮೂಡುವಾಗಿನ ವಸಡು ನೋವು, ಬಾಯೊಳಗಿನ ಬಿಳಿ ಅಗ್ರ ಇವೆಲ್ಲ ಚೀಪುವುದನ್ನು ಕಷ್ಟವಾಗಿಸುತ್ತವೆ. ಚಮಚದ ತುತ್ತಿಗೆ ಚೀಪುವ ಶ್ರಮವಿಲ್ಲವಾದ್ದರಿಂದ ಮಗು ಅದನ್ನೇ ಬಯಸಬಹುದು.

ಎಂಟು-ಒಂಬತ್ತು ತಿಂಗಳ ಮಗುವಿಗೆ ಸುತ್ತಲ ಲೋಕದ ಕುತೂಹಲ ಹೆಚ್ಚು. ಟಿವಿ, ಮೊಬೈಲ್, ಮಾತಿನ ಸದ್ದು ಯಾವುದಾದರೂ ಸಾಕು, ಹಾಲು ಬಿಟ್ಟು ಅತ್ತ ತಿರುಗುತ್ತದೆ. ಹಾಲಿಗೆ ಮುನ್ನ ಹೊಟ್ಟೆ ತುಂಬ ಉಣಿಸುವುದು, ನಡುನಡುವೆ ಬಿಸ್ಕತ್ತು, ಹಣ್ಣಿನ ರಸ ಕೊಡುವುದೂ ಕಾರಣವೇ. ಉದ್ಯೋಗಸ್ಥ ತಾಯಂದಿರ ಸಮಸ್ಯೆ ಇನ್ನೊಂದು ಬಗೆಯದು. ಕಾನೂನು ನೀಡುವ 26 ವಾರಗಳ ಹೆರಿಗೆ ರಜೆ ಮುಗಿಯುವುದೂ, ಮಗುವಿಗೆ ಆಹಾರ ಆರಂಭವಾಗುವುದೂ ಹೆಚ್ಚುಕಡಿಮೆ ಒಂದೇ ಸಮಯಕ್ಕೆ. ಹಗಲಿನ ಹಾಲು ತಪ್ಪಿದಂತೆ ಹಾಲಿನ ಉತ್ಪತ್ತಿಯೂ ಕುಗ್ಗುತ್ತದೆ.

ಮನೆಯಲ್ಲಿ ಏನು ಮಾಡಬಹುದು?

* ಒಂಬತ್ತು ತಿಂಗಳವರೆಗೆ ಮೊದಲು ಹಾಲು, ಅನಂತರ ಆಹಾರ ಎಂಬ ಕ್ರಮ ಪಾಲಿಸಿ.
* ಬೆಳಗಿನ ಜಾವ, ಮಲಗುವ ಮುನ್ನ, ನಿದ್ದೆಯ ಮಂಪರಿನಲ್ಲಿ, ಮಬ್ಬು ಬೆಳಕಿನ ಸದ್ದಿಲ್ಲದ ಕೋಣೆಯಲ್ಲಿ ಹಾಲೂಡಿಸಿ ನೋಡಿ.
* ತಾಯಿ ಕೆಲಸಕ್ಕೆ ಹೋಗುವಾಗ ಹಿಂಡಿಟ್ಟ ಹಾಲನ್ನು ಶುಚಿಯಾದ ಲೋಟ, ಚಮಚದಲ್ಲಿ ಕುಡಿಸಬಹುದು. ತಂಪಾದ ಕೋಣೆಯಲ್ಲಿ ಅದು ಸುಮಾರು 4 ಗಂಟೆ ಕೆಡದು.
* ರಾಗಿ ಸರಿ, ಮಸೆದ ಬಾಳೆಹಣ್ಣು, ಅನ್ನ-ಬೇಳೆಗೆ ಹಿಂಡಿದ ಎದೆಹಾಲನ್ನೇ ಬೆರೆಸಬಹುದು. ಮೊಸರೂ ಆಗಬಹುದು.
* ಆಹಾರ ಚಮಚದಿಂದ ಸೋರಿ ಬೀಳದಷ್ಟು ಗಟ್ಟಿಯಿರಲಿ. ಒಂದೆರಡು ಹನಿ ತುಪ್ಪ, ಬೇಳೆ, ಸೊಪ್ಪು, ಮಾಂಸಾಹಾರಿಗಳಾದರೆ ಮೊಟ್ಟೆ, ಮೀನು ಸೇರಲಿ. 6ರಿಂದ 8 ತಿಂಗಳಲ್ಲಿ ದಿನಕ್ಕೆ 2-3 ಬಾರಿ, ನಂತರ 3-4 ಬಾರಿ ಉಣಿಸಿ.
* ವರ್ಷ ತುಂಬುವವರೆಗೆ ಜೇನುತುಪ್ಪ ಬೇಡ. ಉಪ್ಪು, ಸಕ್ಕರೆ ಸೇರಿಸದಿರುವುದು ಲೇಸು. ಇಡಿ ಕಡಲೆಬೀಜ, ದ್ರಾಕ್ಷಿ ಗಂಟಲಿಗೆ ಸಿಲುಕುವ ಅಪಾಯವಿದೆ.

ರಾಗಿಯ 100 ಗ್ರಾಂನಲ್ಲಿ 300 ಮಿಲಿಗ್ರಾಂಗೂ ಮೀರಿ ಸುಣ್ಣಾಂಶವಿದೆ ಎಂಬುದು ನಿಜ. ಆದರೆ ಮಗು ಒಂದು ಹೊತ್ತಿಗೆ ತಿನ್ನುವ ಹಿಟ್ಟು ಕೆಲವೇ ಚಮಚ. ಆದ್ದರಿಂದ ರಾಗಿಯೊಂದೇ ಹಾಲಿಗೆ ಬದಲಾಗದು.

ಬಲವಂತ ಬೇಡ

ಮಗುವನ್ನು ಕಾಲ ಮೇಲೆ ಮಲಗಿಸಿ, ಕೈ ಹಿಡಿದು, ಒಳಲೆಯಲ್ಲಿ ಹಾಲು ಸುರಿಯುವ ರೂಢಿ ಹಲವು ಮನೆಗಳಲ್ಲಿದೆ. ಅಳುವ ಮಗುವಿನ ಶ್ವಾಸನಾಳಕ್ಕೆ ಹಾಲು ಇಳಿದರೆ ಪ್ರಾಣಕ್ಕೇ ಕುತ್ತು. ಅಲ್ಲದೆ ಬಲವಂತ ಹೆಚ್ಚಿದಷ್ಟೂ ಹಾಲಿನ ಬಗೆಗಿನ ಜಿಗುಪ್ಸೆ ಬೇರೂರುತ್ತದೆ. ಒಳಲೆ ಬಳಸುವುದಾದರೆ ಮಗುವನ್ನು ನೆಟ್ಟಗೆ ಕೂರಿಸಿಕೊಂಡು, ಅದು ನುಂಗುವ ವೇಗಕ್ಕೆ ತಕ್ಕಂತೆ ಕುಡಿಸಬೇಕು.

ತಾಯಿಯ ಹಾಲು ಕೆಟ್ಟಿದೆ, ನೀರಾಗಿದೆ ಎಂಬ ಮಾತಿಗೆ ಆಧಾರವಿಲ್ಲ. ಎದೆಹಾಲು ನಿಂತೇಹೋಗಿದ್ದರೆ ಬದಲಿ ಹಾಲು ಯಾವುದೆಂಬುದನ್ನು ಮಕ್ಕಳ ವೈದ್ಯರೇ ನಿರ್ಧರಿಸಲಿ. ಶಿಶು ಹಾಲಿನ ಪುಡಿ ಮತ್ತು ಬಾಟಲಿಗಳ ಜಾಹೀರಾತನ್ನು ನಿಷೇಧಿಸಲು 1992ರಲ್ಲಿ ಕಾನೂನು ತಂದು, 2003ರಲ್ಲಿ ಅದನ್ನು ಬಿಗಿಗೊಳಿಸಿದ್ದರ ಉದ್ದೇಶವೇ ಈ ನಿರ್ಧಾರ ಮಾರುಕಟ್ಟೆಯ ಕೈಗೆ ಹೋಗಬಾರದೆಂಬುದು.

ವೈದ್ಯರನ್ನು ಕಾಣುವುದು ಯಾವಾಗ?

ದಿನಕ್ಕೆ ಆರು ಬಾರಿಗಿಂತ ಕಡಿಮೆ ಮೂತ್ರ, ಗಾಢ ಹಳದಿ ಬಣ್ಣ, ಒಣಗಿದ ಬಾಯಿ, ಗುಳಿಬಿದ್ದ ನೆತ್ತಿ, ಜ್ವರ, ಮಂಕು, ಪದೇ ಪದೇ ವಾಂತಿ ಕಂಡರೆ ಕಾಯಬಾರದು. ಹಾಲು ಸೇವಿಸಿದಾಗಲೆಲ್ಲ ದದ್ದು ಏಳುವುದು, ಮಲದಲ್ಲಿ ರಕ್ತ ಕಾಣುವುದು ಹಾಲಿನ ಅಲರ್ಜಿಯ ಸೂಚನೆಯಾಗಿರಬಹುದು.

ಇವಾವುವೂ ಇಲ್ಲದಿದ್ದಲ್ಲಿ ತೂಕವೇ ನಂಬಲರ್ಹ ಸಾಕ್ಷಿ. ಆರೋಗ್ಯವಂತ ಮಗುವಿನ ಜನನ ತೂಕ ಐದಾರು ತಿಂಗಳಿಗೆ ಇಮ್ಮಡಿಯಾಗಿ, ವರ್ಷಕ್ಕೆ ಸುಮಾರು ಮುಮ್ಮಡಿಯಾಗುತ್ತದೆ. ತಾಯಿ ಕಾರ್ಡಿನಲ್ಲಿರುವ ಬೆಳವಣಿಗೆ ರೇಖೆಯನ್ನು ಅಂಗನವಾಡಿಯಲ್ಲಿ ಅಥವಾ ಲಸಿಕೆಗೆ ಹೋದಾಗ ತಪ್ಪದೆ ಬರೆಸಿಕೊಳ್ಳಬೇಕು. ರೇಖೆ ಮೇಲೇರುತ್ತಿದ್ದರೆ ಮಗುವಿನ ಬಟ್ಟಲಿನ ಪ್ರೀತಿಗೆ ಹೆದರಬೇಕಿಲ್ಲ. ಚಪ್ಪಟೆಯಾದರೆ ಅಥವಾ ಇಳಿದರೆ ತಡಮಾಡದೆ ಮಕ್ಕಳ ವೈದ್ಯರನ್ನು ಕಾಣಬೇಕು.