ಒಂದು ಕಾಯಿದೆ, ಎರಡು ಅಳತೆ

ವೇಶ್ಯಾವೃತ್ತಿಗೆ ಕಾನೂನಿನ ಮನ್ನಣೆ ಇರಬೇಕೇ ಎಂದು ನಾವು ಚರ್ಚಿಸುವಾಗ ಇಂಗ್ಲೆಂಡಿನ ಹಳೆಯ ವಿವಾದವೊಂದು ನೆನಪಿಗೆ ಬರುತ್ತದೆ. 1864ರಲ್ಲಿ ಅಲ್ಲಿನ ಪಾರ್ಲಿಮೆಂಟು ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನು ಮಾಡಿತು. ಹೆಸರು ಕೇಳಿದರೆ ಪ್ಲೇಗು ಕಾಲರಗಳ ಮಾತೆಂದು ತೋರೀತು. ಉದ್ದೇಶವಾದರೋ ಸೈನಿಕರನ್ನೂ ನಾವಿಕರನ್ನೂ ಗುಹ್ಯರೋಗಗಳಿಂದ ಕಾಪಾಡುವುದು. ದಂಡಿನ ಊರುಗಳಲ್ಲಿ, ಬಂದರುಗಳಲ್ಲಿ ಪೋಲೀಸರಿಗೆ ಸಂಶಯ ಬಂದರೆ ಸಾಕು, ಹೆಂಗಸು ವೈದ್ಯಪರೀಕ್ಷೆಗೆ ಒಳಗಾಗಬೇಕು. ರೋಗವಿದ್ದರೆ ಆಸ್ಪತ್ರೆಯಲ್ಲಿ ಬಂದಿಯಾಗಿರಬೇಕು. ಅವಳ ಬಳಿಗೆ ಹೋದ ಗಂಡಸಿಗೆ ಪರೀಕ್ಷೆಯೂ ಇಲ್ಲ, ಬಂಧನವೂ ಇಲ್ಲ.

ಕಾಯಿದೆಯ ಪರವಾಗಿ ನಿಂತವರೆಲ್ಲ ದುಷ್ಟರೆಂದು ನಾವು ತಿಳಿಯಲಾಗದು. ಇಂಗ್ಲೆಂಡಿನಲ್ಲಿ ಸ್ತ್ರೀಯರಿಗೆ ವೈದ್ಯವೃತ್ತಿಯ ದಾರಿ ತೆರೆದ ಎಲಿಜಬೆತ್ ಗ್ಯಾರೆಟ್ ಅವರೇ ಅದನ್ನು ಸಮರ್ಥಿಸಿದರು. ನಿರಪರಾಧಿಗಳಾದ ಹೆಂಡಿರು ಮಕ್ಕಳಿಗೆ ರೋಗವು ಅಂಟುವುದನ್ನು ತಡೆಯಬೇಡವೇ ಎಂಬುದು ಆ ಪಕ್ಷದ ವಾದ, ಹಗುರವಾದ ವಾದವಲ್ಲ.

1869ರಿಂದ ಕಾಯಿದೆಯನ್ನು ಎದುರಿಸಿ ನಿಂತ ಜೋಸೆಫೀನ್ ಬಟ್ಲರ್ ಒಬ್ಬ ಪಾದ್ರಿಯ ಪತ್ನಿ. ಮರ್ಯಾದಸ್ಥ ಸ್ತ್ರೀಯರು ಬಾಯಿಗೆ ತರಬಾರದೆಂದಿದ್ದ ವಿಷಯವನ್ನು ಆಕೆ ತುಂಬಿದ ಸಭೆಗಳಲ್ಲಿ ಆಡಿದರು. 1871ರಲ್ಲಿ ರಾಯಲ್ ಕಮಿಷನ್ನಿನವರು, ಹೆಂಗಸು ತಪ್ಪುವುದು ಹಣಕ್ಕಾಗಿ, ಗಂಡಸು ಸೋಲುವುದು ಸಹಜಪ್ರವೃತ್ತಿಗೆ, ಇಬ್ಬರಿಗೂ ಹೋಲಿಕೆಯೇ ಸಲ್ಲದು ಎಂಬ ಅರ್ಥ ಬರುವಂತೆ ಬರೆದರು. ಅಷ್ಟು ಓದಿದವರ ಲೇಖನಿಯಿಂದ ಇಂಥ ಮಾತೇ! ಬಟ್ಲರ್ ಅವರ ಹೋರಾಟವೆಲ್ಲ ಈ ಎರಡು ಅಳತೆಯ ಮೇಲೆಯೇ.

ಭಾರತಕ್ಕೂ 1868ರಲ್ಲಿ ಇಂಥದೇ ಕಾಯಿದೆ ಬಂದಿತ್ತು. ಇಂಗ್ಲೆಂಡಿನದು 1886ರಲ್ಲಿಯೂ ಇಲ್ಲಿಯದು 1888ರಲ್ಲಿಯೂ ರದ್ದಾದುವು. ಆದರೂ ನಮ್ಮ ದಂಡುಪ್ರದೇಶಗಳಲ್ಲಿ ಪರೀಕ್ಷೆಯು ಮರೆಯಲ್ಲಿ ನಡೆದೇ ಇತ್ತು. 1893ರಲ್ಲಿ ಲಂಡನ್ನಿನ ವಿಚಾರಣಾ ಸಮಿತಿಯ ಮುಂದೆ ಇಬ್ಬರು ಅಮೆರಿಕನ್ ಮಹಿಳೆಯರು ತಾವು ಇಲ್ಲಿ ಕಂಡುದನ್ನು ಸಾಕ್ಷಿ ನುಡಿದರು.