ಎರವಲಿನ ಹಕ್ಕು: ಓಲೆಗರಿಯ ಕಾಲದಿಂದ ಇ-ಪುಸ್ತಕದವರೆಗೆ

ಕನ್ನಡ ನಾಡಿನ ಗ್ರಂಥಪ್ರಸಾರದ ಚರಿತ್ರೆಯಲ್ಲಿ ಎರಡು ಪ್ರಸಂಗಗಳು ವಿಶೇಷ ಗಮನಕ್ಕೆ ಅರ್ಹವಾಗಿವೆ. ಮೊದಲನೆಯದು ದಾನಚಿಂತಾಮಣಿ ಅತ್ತಿಮಬ್ಬೆಗೆ ಸಂಬಂಧಿಸಿದ್ದು. 10ನೆಯ ಶತಮಾನದ ಉತ್ತರಾರ್ಧದಲ್ಲಿ ಆಕೆ ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಓಲೆಗರಿಯಲ್ಲಿ ಬರೆಯಿಸಿ ಹಂಚಿದಳೆಂದು ಪರಂಪರೆ ಹೇಳುತ್ತದೆ. ಎರಡನೆಯದು ಮೂಡಬಿದಿರೆಯ ಸಿದ್ಧಾಂತ ಬಸದಿಗೆ ಸಂಬಂಧಿಸಿದ್ದು. ವೀರಸೇನಾಚಾರ್ಯರು 9ನೆಯ ಶತಮಾನದ ಆರಂಭದಲ್ಲಿ ರಚಿಸಿದ ಧವಲಾ ಟೀಕೆಯ ಪ್ರಾಚೀನ ಓಲೆಪ್ರತಿಗಳು, ಹಳಗನ್ನಡ ಲಿಪಿಯಲ್ಲಿ, ಶತಮಾನಗಳ ಕಾಲ ಅಲ್ಲಿ ಭದ್ರವಾಗಿದ್ದವು. ಅವು ಪೂಜೆಗೆ ಒದಗಿದಷ್ಟು ಅಧ್ಯಯನಕ್ಕೆ ಒದಗಲಿಲ್ಲ. 19ನೆಯ ಶತಮಾನದ ಕೊನೆಯಲ್ಲಿ ಪ್ರತಿಲಿಪಿಯ ಕಾರ್ಯ ಆರಂಭವಾಯಿತು. ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ ಮೊದಲ ಮುದ್ರಿತ ಸಂಪುಟ ಹೊರಬಂದದ್ದು 1939ರಲ್ಲಿ.

ಈ ಎರಡು ಪ್ರಸಂಗಗಳನ್ನು ಪರಸ್ಪರ ವಿರುದ್ಧವೆಂದು ಭಾವಿಸಬೇಕಾಗಿಲ್ಲ. ಕಾಪಿಟ್ಟವರ ಶ್ರದ್ಧೆಯಿಲ್ಲದಿದ್ದರೆ ಧವಲೆ ಉಳಿಯುತ್ತಿರಲಿಲ್ಲ. ಪ್ರತಿ ಮಾಡಿದವರ ಶ್ರಮವಿಲ್ಲದಿದ್ದರೆ ಅದು ವಿದ್ವಾಂಸರ ಕೈ ಸೇರುತ್ತಿರಲಿಲ್ಲ. ಗ್ರಂಥವನ್ನು ಉಳಿಸುವುದು ಮತ್ತು ಓದುಗನಿಗೆ ಒದಗಿಸುವುದು ಎರಡು ಬೇರೆ ಬೇರೆ ಕಾರ್ಯಗಳು. ಇವೆರಡನ್ನೂ ಒಂದೇ ಸಂಸ್ಥೆ ಹೊತ್ತು ನಡೆಸಬೇಕೆಂಬ ಆಶಯವೇ ಆಧುನಿಕ ಕಾಲದ ಸಾರ್ವಜನಿಕ ಗ್ರಂಥಾಲಯವನ್ನು ರೂಪಿಸಿತು. ಎರಡಕ್ಕೂ ಆಧಾರವಾಗಿದ್ದ ಸಂಗತಿ ಒಂದೇ: ಪ್ರತಿ ಯಾರ ಬಳಿ ಇದೆಯೋ ಅದು ಅವರ ಸ್ವತ್ತು. ಇ-ಪುಸ್ತಕಗಳ ಎರವಲು ವ್ಯವಸ್ಥೆ ಸಡಿಲಿಸಿರುವುದು ಈ ಆಧಾರವನ್ನೇ. ಗ್ರಂಥಾಲಯದ ಭವಿಷ್ಯವನ್ನು ಕುರಿತ ಇಂದಿನ ಚರ್ಚೆಗಳಲ್ಲಿ ಕಾಗದವೋ ಪರದೆಯೋ ಎಂಬ ಪ್ರಶ್ನೆಗೆ ದೊರೆತಷ್ಟು ಗಮನ ಒಡೆತನದ ಪ್ರಶ್ನೆಗೆ ದೊರೆತಿಲ್ಲ.

ಪ್ರತಿ ಮತ್ತು ಒಡೆತನ

ಜನರ ತೆರಿಗೆಯ ಹಣದಿಂದ ಗ್ರಂಥಾಲಯ ನಡೆಯಬೇಕೆಂಬ ತತ್ತ್ವಕ್ಕೆ ಇಂಗ್ಲೆಂಡಿನಲ್ಲಿ 1850ರ ಕಾಯ್ದೆ ಶಾಸನದ ರೂಪ ನೀಡಿತು. ಭಾರತದಲ್ಲಿ ಬರೋಡೆಯ ಸಯಾಜಿರಾವ್ ಗಾಯಕವಾಡರು 1910ರ ಹೊತ್ತಿಗೆ ಅಮೆರಿಕದ ಗ್ರಂಥಪಾಲಕ ಬೋರ್ಡನ್ ಅವರನ್ನು ಕರೆಸಿಕೊಂಡು ತಮ್ಮ ಸಂಸ್ಥಾನದಲ್ಲಿ ಗ್ರಂಥಾಲಯಗಳ ಜಾಲವನ್ನು ಕಟ್ಟಿಸಿದರು. ಈ ಕಾರ್ಯಕ್ಕೆ ಶಾಸ್ತ್ರದ ತಳಹದಿ ಒದಗಿಸಿದವರು ಎಸ್.ಆರ್. ರಂಗನಾಥನ್. 1931ರಲ್ಲಿ ಪ್ರಕಟವಾದ ಅವರ ಪಂಚಸೂತ್ರಗಳ ಮೊದಲ ಸೂತ್ರ ಪುಸ್ತಕದ ಸಾರ್ಥಕ್ಯ ಬಳಕೆಯಲ್ಲಿದೆ ಎಂಬ ನಿಲುವನ್ನು ಪ್ರತಿಪಾದಿಸುತ್ತದೆ. ಮಧ್ಯಯುಗದ ಯುರೋಪಿನಲ್ಲಿ ಪುಸ್ತಕಗಳನ್ನು ಸರಪಳಿಯಿಂದ ಕಪಾಟಿಗೆ ಬಿಗಿಯುತ್ತಿದ್ದ ಪದ್ಧತಿಯನ್ನು ರಂಗನಾಥನ್ ಈ ಸೂತ್ರದ ವಿವರಣೆಯಲ್ಲಿ ನೆನಪಿಸುತ್ತಾರೆ. 1948ರ ಮದರಾಸು ಗ್ರಂಥಾಲಯ ಕಾಯ್ದೆಯ ಹಿಂದೆ ಅವರ ಶ್ರಮವಿತ್ತು. ಅವರ ಕೊನೆಯ ವರ್ಷಗಳು ಬೆಂಗಳೂರಿನಲ್ಲಿ ಕಳೆದವು. 1962ರಲ್ಲಿ ಅವರು ಸ್ಥಾಪಿಸಿದ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರ ಇದೇ ನಗರದಲ್ಲಿದೆ. ಮೈಸೂರು ರಾಜ್ಯದ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆ 1965ರಲ್ಲಿ ಬಂದಿತು. ಸ್ಥಳೀಯ ತೆರಿಗೆಗಳ ಮೇಲೆ ವಿಧಿಸುವ ಗ್ರಂಥಾಲಯ ಕರ ಇಂದಿಗೂ ಈ ವ್ಯವಸ್ಥೆಯ ಜೀವನಾಡಿಯಾಗಿದೆ.

ಇಷ್ಟೆಲ್ಲ ಕಾಯ್ದೆಗಳ ನಡುವೆ ಗ್ರಂಥಾಲಯವು ಪುಸ್ತಕವನ್ನು ಎರವಲು ಕೊಡಲು ಲೇಖಕರ ಅಥವಾ ಪ್ರಕಾಶಕರ ಅನುಮತಿ ಪಡೆಯಬೇಕೆಂಬ ನಿಯಮ ಎಲ್ಲಿಯೂ ಕಾಣುವುದಿಲ್ಲ. ಕಾರಣ ಸರಳವಾದುದು. ಹಣ ತೆತ್ತು ಕೊಂಡ ಪ್ರತಿ ಕೊಂಡವನ ಸ್ವತ್ತು. ಈ ಸಾಮಾನ್ಯ ಗ್ರಹಿಕೆಗೆ ನ್ಯಾಯಾಲಯದ ಮುದ್ರೆ ಬಿದ್ದದ್ದು ಅಮೆರಿಕದಲ್ಲಿ, 1908ರಲ್ಲಿ. ‘ದಿ ಕ್ಯಾಸ್ಟ್‌ಅವೇ’ ಎಂಬ ಕಾದಂಬರಿಯನ್ನು ಪ್ರಕಟಿಸಿದ ಬಾಬ್ಸ್-ಮೆರಿಲ್ ಸಂಸ್ಥೆ, ಅದನ್ನು ಒಂದು ಡಾಲರಿಗಿಂತ ಕಡಿಮೆ ಬೆಲೆಗೆ ಮಾರಕೂಡದೆಂದು ಪುಸ್ತಕದೊಳಗೇ ಅಚ್ಚುಹಾಕಿಸಿತ್ತು. ನ್ಯೂಯಾರ್ಕಿನ ಮೇಸೀಸ್ ಅಂಗಡಿಯ ಮಾಲೀಕರಾದ ಸ್ಟ್ರಾಸ್ ಸೋದರರು ಅದನ್ನು 89 ಸೆಂಟಿಗೆ ಮಾರಿದರು. ಮೊದಲ ಮಾರಾಟದೊಂದಿಗೆ ಆ ಪ್ರತಿಯ ಮೇಲಿನ ಪ್ರಕಾಶಕನ ಹಿಡಿತ ಮುಗಿಯುತ್ತದೆ ಎಂದು ಸರ್ವೋಚ್ಚ ನ್ಯಾಯಾಲಯ ತೀರ್ಮಾನಿಸಿತು. ಭಾರತದ 1957ರ ಹಕ್ಕುಸ್ವಾಮ್ಯ ಕಾಯ್ದೆಯ 14ನೆಯ ಕಲಮಿನಲ್ಲಿಯೂ ಇದೇ ತತ್ತ್ವ ಅಡಗಿದೆ: ಪ್ರತಿಗಳನ್ನು ಸಾರ್ವಜನಿಕರಿಗೆ ಬಿಡುಗಡೆ ಮಾಡುವ ಹಕ್ಕು ಸ್ವಾಮ್ಯದಾರನಿಗಿದೆ, ಆದರೆ ಒಮ್ಮೆ ಮಾರಾಟವಾಗಿ ಚಲಾವಣೆಗೆ ಬಂದ ಪ್ರತಿಗೆ ಅದು ಅನ್ವಯಿಸುವುದಿಲ್ಲ. ಹಳೆಯ ಪುಸ್ತಕದಂಗಡಿಗಳಿಗೂ ಊರ ಗ್ರಂಥಾಲಯಗಳಿಗೂ ಇದೇ ಕಾನೂನಿನ ನೆಲೆ.

ಖರೀದಿಯಿಂದ ಪರವಾನಗಿಗೆ

ಇ-ಪುಸ್ತಕವನ್ನು ಎರವಲು ಕೊಡುವಾಗ ಕೈಯಿಂದ ಕೈಗೆ ದಾಟುವ ವಸ್ತುವೇ ಇರುವುದಿಲ್ಲ. ಪ್ರತಿ ಎರವಲಿಗೂ ಓದುಗನ ಯಂತ್ರದಲ್ಲಿ ಹೊಸದೊಂದು ನಕಲು ಮೂಡುತ್ತದೆ; ನಕಲು ಮಾಡುವ ಹಕ್ಕು ಹಕ್ಕುಸ್ವಾಮ್ಯದಾರನಿಗೇ ಸೇರಿದ್ದು. ಆದ್ದರಿಂದ ಇ-ಪುಸ್ತಕವನ್ನು ‘ಕೊಂಡ’ ಗ್ರಂಥಾಲಯ ವಾಸ್ತವವಾಗಿ ಪಡೆಯುವುದು ಷರತ್ತುಬದ್ಧ ಪರವಾನಗಿಯನ್ನು ಮಾತ್ರ. 2003ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ಸಾರ್ವಜನಿಕ ಗ್ರಂಥಾಲಯ ಓವರ್‌ಡ್ರೈವ್ ಎಂಬ ಮಧ್ಯವರ್ತಿ ಸಂಸ್ಥೆಯ ಮೂಲಕ ಓದುಗರು ಮನೆಯಲ್ಲೇ ಕುಳಿತು ಇ-ಪುಸ್ತಕಗಳನ್ನು ಎರವಲು ಪಡೆಯುವ ಸೌಲಭ್ಯ ಒದಗಿಸಿದಾಗ ಈ ವ್ಯತ್ಯಾಸ ಅಷ್ಟಾಗಿ ಕಣ್ಣಿಗೆ ಬಿದ್ದಿರಲಿಲ್ಲ.

ಷರತ್ತುಗಳು ಒಂದೊಂದಾಗಿ ಬಿಗಿಯಾದದ್ದು ಆನಂತರ. 2011ರಲ್ಲಿ ಹಾರ್ಪರ್‌ಕಾಲಿನ್ಸ್ ಸಂಸ್ಥೆ ಪ್ರತಿ ಇ-ಪುಸ್ತಕವನ್ನು 26 ಬಾರಿ ಮಾತ್ರ ಎರವಲು ಕೊಡಬಹುದೆಂದು ವಿಧಿಸಿತು. 27ನೆಯ ಓದುಗನಿಗೆ ಮತ್ತೆ ಹಣ ತೆರಬೇಕು. 2018 ಮತ್ತು 2019ರಲ್ಲಿ ಪೆಂಗ್ವಿನ್ ರ‍್ಯಾಂಡಮ್ ಹೌಸ್ ಹಾಗೂ ಹ್ಯಾಶೆಟ್ ಸಂಸ್ಥೆಗಳು ಶಾಶ್ವತ ಪರವಾನಗಿಯನ್ನು ಕೈಬಿಟ್ಟು ಎರಡು ವರ್ಷಗಳ ಅವಧಿಯನ್ನು ಗೊತ್ತುಪಡಿಸಿದವು. 2019ರ ನವೆಂಬರ್‌ನಲ್ಲಿ ಮ್ಯಾಕ್ಮಿಲನ್ ಸಂಸ್ಥೆ, ಹೊಸ ಪುಸ್ತಕ ಹೊರಬಂದ ಮೊದಲ ಎಂಟು ವಾರ, ಎಷ್ಟೇ ದೊಡ್ಡ ಗ್ರಂಥಾಲಯ ಜಾಲವಾದರೂ ಒಂದೇ ಪ್ರತಿಯನ್ನು ಪಡೆಯಬಹುದೆಂದು ನಿರ್ಬಂಧಿಸಿತು. ಗ್ರಂಥಪಾಲಕರ ತೀವ್ರ ವಿರೋಧ ಎದುರಾಯಿತು; 2020ರ ಮಾರ್ಚ್‌ನಲ್ಲಿ ನಿರ್ಬಂಧ ತೆರವಾಯಿತು.

ಓದುಗರ ಅನುಭವವೂ ಇದಕ್ಕೆ ಹೊರತಲ್ಲ. 2009ರಲ್ಲಿ ಅಮೆಜಾನ್ ಸಂಸ್ಥೆ, ಹಕ್ಕಿಲ್ಲದವರು ಮಾರಿದ್ದಾರೆಂಬ ಕಾರಣದಿಂದ, ಜಾರ್ಜ್ ಆರ್ವೆಲ್ಲನ ಎರಡು ಕಾದಂಬರಿಗಳನ್ನು ಗ್ರಾಹಕರ ಕಿಂಡಲ್‌ಗಳಿಂದ ದೂರದಲ್ಲೇ ಕುಳಿತು ಅಳಿಸಿಹಾಕಿತು. ಅವುಗಳಲ್ಲಿ ‘1984’ ಕೂಡ ಒಂದೆಂಬುದು ಅಂದು ಹಲವರ ಟೀಕೆಗೆ ವಸ್ತುವಾಯಿತು. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕ ಮಳಿಗೆಯನ್ನು ಮುಚ್ಚಿದಾಗ ಕೊಂಡವರಿಗೆ ಹಣ ಮರಳಿತು, ಪುಸ್ತಕಗಳು ಮಾಯವಾದವು. ರಂಗನಾಥನ್ ನೆನಪಿಸಿದ ಸರಪಳಿ ಪುಸ್ತಕವನ್ನು ಕಪಾಟಿನಿಂದ ಕದಲದಂತೆ ಹಿಡಿದಿತ್ತು. ಈ ಹೊಸ ಬಗೆಯ ಸರಪಳಿಗೆ ಓದುಗನ ಕೈಯಿಂದ ಪುಸ್ತಕವನ್ನು ಹಿಂದಕ್ಕೆ ಎಳೆದುಕೊಳ್ಳುವ ಶಕ್ತಿಯೂ ಇದೆ.

ನ್ಯಾಯಾಲಯಗಳ ಮುಂದೆ

ಈ ಬಿಕ್ಕಟ್ಟಿಗೆ ಯುರೋಪ್ ಮತ್ತು ಅಮೆರಿಕ ಭಿನ್ನ ಉತ್ತರಗಳನ್ನು ನೀಡಿವೆ. ನೆದರ್ಲೆಂಡಿನ ಗ್ರಂಥಾಲಯಗಳ ಸಂಘ ಹೂಡಿದ ಮೊಕದ್ದಮೆಯಲ್ಲಿ ಯುರೋಪಿಯನ್ ಒಕ್ಕೂಟದ ನ್ಯಾಯಾಲಯ 2016ರ ನವೆಂಬರ್ 10ರಂದು ತೀರ್ಪು ನೀಡಿತು. ಒಂದು ಪ್ರತಿಯನ್ನು ಒಂದು ಸಲಕ್ಕೆ ಒಬ್ಬ ಓದುಗನಿಗೆ ಮಾತ್ರ ಕೊಟ್ಟು, ಅವಧಿ ಮುಗಿದೊಡನೆ ಅದು ಬಳಕೆಗೆ ಸಿಗದಂತೆ ಮಾಡುವುದಾದರೆ, ಇ-ಪುಸ್ತಕದ ಎರವಲನ್ನೂ ಮುದ್ರಿತ ಪುಸ್ತಕದ ಎರವಲಿನಂತೆಯೇ ಪರಿಗಣಿಸಲು ಅವಕಾಶವಿದೆ ಎಂಬುದು ಅದರ ಸಾರ.

ಅಮೆರಿಕದಲ್ಲಿ ಇಂಟರ್ನೆಟ್ ಆರ್ಕೈವ್ ಇದೇ ತರ್ಕವನ್ನು ಮುಂದಿಟ್ಟಿತ್ತು. ತನ್ನ ಬಳಿಯಿರುವ ಮುದ್ರಿತ ಪುಸ್ತಕವನ್ನು ಸ್ಕ್ಯಾನ್ ಮಾಡಿ, ಎಷ್ಟು ಮುದ್ರಿತ ಪ್ರತಿಗಳಿವೆಯೋ ಅಷ್ಟೇ ಓದುಗರಿಗೆ ಏಕಕಾಲದಲ್ಲಿ ಎರವಲು ಕೊಡುವುದು ಅದರ ಪದ್ಧತಿಯಾಗಿತ್ತು. 2020ರ ಮಾರ್ಚ್‌ನಲ್ಲಿ ಕೋವಿಡ್‌ನಿಂದಾಗಿ ಗ್ರಂಥಾಲಯಗಳು ಮುಚ್ಚಿದಾಗ ಅದು ಈ ಮಿತಿಯನ್ನೂ ತಾತ್ಕಾಲಿಕವಾಗಿ ತೆಗೆದುಹಾಕಿತು. ನಾಲ್ಕು ದೊಡ್ಡ ಪ್ರಕಾಶನ ಸಂಸ್ಥೆಗಳು ಅದೇ ಜೂನ್‌ನಲ್ಲಿ ಮೊಕದ್ದಮೆ ಹೂಡಿದವು. 2023ರಲ್ಲಿ ಕೆಳಗಿನ ನ್ಯಾಯಾಲಯವೂ 2024ರ ಸೆಪ್ಟೆಂಬರ್‌ನಲ್ಲಿ ಮೇಲ್ಮನವಿ ನ್ಯಾಯಾಲಯವೂ ಪ್ರಕಾಶಕರ ಪರವಾಗಿ ತೀರ್ಪು ನೀಡಿದವು. ನ್ಯಾಯೋಚಿತ ಷರತ್ತುಗಳಲ್ಲಿ ಗ್ರಂಥಾಲಯಗಳಿಗೆ ಇ-ಪುಸ್ತಕ ಒದಗಿಸುವುದನ್ನು ಕಡ್ಡಾಯಗೊಳಿಸಿದ ಮೇರಿಲ್ಯಾಂಡ್ ರಾಜ್ಯದ ಶಾಸನವೂ 2022ರಲ್ಲಿ ನ್ಯಾಯಾಲಯದಲ್ಲಿ ನಿಲ್ಲಲಿಲ್ಲ.

ಲೇಖಕನ ಪಾಲು

ಪ್ರಕಾಶಕರ ವಾದವನ್ನು ಸ್ವಾರ್ಥವೆಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ಇತಿಹಾಸದೃಷ್ಟಿಗೆ ಒಪ್ಪುವಂಥದಲ್ಲ. ಮುದ್ರಿತ ಪುಸ್ತಕ ಬಳಸಿದಂತೆ ಸವೆಯುತ್ತದೆ. ಹೊಲಿಗೆ ಬಿಚ್ಚಿದ ಪ್ರತಿಯ ಜಾಗಕ್ಕೆ ಹೊಸದನ್ನು ಕೊಳ್ಳಬೇಕಾಗುತ್ತದೆ. ಎರವಲು ಪಡೆಯಲು ಓದುಗ ಗ್ರಂಥಾಲಯದವರೆಗೆ ನಡೆಯಬೇಕು, ಸರದಿ ಕಾಯಬೇಕು. ಈ ಸಹಜ ತೊಡಕುಗಳೇ ಕೊಳ್ಳುವವನನ್ನೂ ಎರವಲು ಪಡೆಯುವವನನ್ನೂ ಪ್ರತ್ಯೇಕವಾಗಿ ಇರಿಸಿದ್ದವು. ಸವೆಯದ, ಬೆರಳ ತುದಿಯಲ್ಲಿ ದೊರೆಯುವ ಇ-ಪುಸ್ತಕ ಆ ಗಡಿಯನ್ನು ಅಳಿಸಿದರೆ ಲೇಖಕನ ಗೌರವಧನಕ್ಕೆ ಪೆಟ್ಟು ಬೀಳುವ ಸಂಭವವಿದೆ.

ಆದರೆ ಈ ಆತಂಕಕ್ಕೆ ಪರಿಹಾರವೊಂದು ಬಹುಕಾಲದಿಂದ ಜಾರಿಯಲ್ಲಿದೆ. ಗ್ರಂಥಾಲಯದಲ್ಲಿ ಬಳಕೆಯಾಗುವ ಪುಸ್ತಕಗಳ ಲೇಖಕರಿಗೆ ಸರ್ಕಾರವೇ ಸಂಭಾವನೆ ನೀಡುವ ಪದ್ಧತಿಯನ್ನು ಡೆನ್ಮಾರ್ಕ್ 1946ರಲ್ಲಿ ಆರಂಭಿಸಿತು. ಬ್ರಿಟನ್ 1979ರಲ್ಲಿ ಕಾಯ್ದೆ ರೂಪಿಸಿತು. 2018ರಿಂದ ಇ-ಪುಸ್ತಕಗಳ ಎರವಲನ್ನೂ ಅದರ ವ್ಯಾಪ್ತಿಗೆ ತಂದಿತು. ಓದುಗನಿಗೆ ಉಚಿತ, ಗ್ರಂಥಾಲಯಕ್ಕೆ ಮುಕ್ತ, ಲೇಖಕನಿಗೆ ನ್ಯಾಯ ಎಂಬ ಈ ಮೂರು ಆಶಯಗಳು ಒಟ್ಟಿಗೆ ಬಾಳಬಲ್ಲವು ಎಂಬುದಕ್ಕೆ ಇದು ನಿದರ್ಶನ.

ಕನ್ನಡದ ಸಂದರ್ಭ

ಕರ್ನಾಟಕದಲ್ಲಿ 2019ರಲ್ಲಿ ಗ್ರಾಮ ಪಂಚಾಯಿತಿಗಳ ಐದೂವರೆ ಸಾವಿರಕ್ಕೂ ಹೆಚ್ಚು ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗಾವಣೆಯಾಗಿ, ಇಂದು ‘ಅರಿವು ಕೇಂದ್ರ’ಗಳೆನಿಸಿವೆ. 2020ರಲ್ಲಿ ಸಾರ್ವಜನಿಕ ಗ್ರಂಥಾಲಯ ಇಲಾಖೆ ಡಿಜಿಟಲ್ ಗ್ರಂಥಾಲಯವನ್ನು ಆರಂಭಿಸಿತು. ಓದುವ ಅವಕಾಶ ಹಳ್ಳಿಯ ವಿದ್ಯಾರ್ಥಿಯ ಮೊಬೈಲಿಗೂ ತಲುಪಿದ್ದು ನಿಶ್ಚಯವಾಗಿ ದೊಡ್ಡ ಹೆಜ್ಜೆ. ಆದರೆ ಒದಗಿಸುವ ಕಾರ್ಯ ವಿಸ್ತರಿಸಿದಷ್ಟು ಉಳಿಸುವ ಕಾರ್ಯ ಗಟ್ಟಿಗೊಂಡಿದೆಯೇ ಎಂಬ ಪ್ರಶ್ನೆ ಉಳಿದಿದೆ.

ಈ ಪ್ರಶ್ನೆಗೆ ಕಾನೂನಿನಲ್ಲಿ ದೊರೆಯುವ ಉತ್ತರ ಆಶಾದಾಯಕವಾಗಿಲ್ಲ. 1954ರ ಪುಸ್ತಕ ಸಲ್ಲಿಕೆ ಕಾಯ್ದೆಯ ಪ್ರಕಾರ ಪ್ರಕಾಶಕರು ಕೊಲ್ಕತ್ತದ ರಾಷ್ಟ್ರೀಯ ಗ್ರಂಥಾಲಯ ಸೇರಿದಂತೆ ನಿಗದಿತ ಗ್ರಂಥಾಲಯಗಳಿಗೆ ಪ್ರತಿಯನ್ನು ಕಳುಹಿಸಬೇಕು. ಆದರೆ ಆ ಕಾಯ್ದೆಯ ಕಣ್ಣಿಗೆ ಕಾಣುವುದು ಮುದ್ರಿತ ಪುಸ್ತಕ ಮಾತ್ರ. ಬ್ರಿಟನ್ 2013ರಲ್ಲಿಯೇ ಮುದ್ರಣೇತರ ಕೃತಿಗಳನ್ನೂ ಸಲ್ಲಿಕೆಯ ವ್ಯಾಪ್ತಿಗೆ ತಂದಿದೆ. 2012ರ ತಿದ್ದುಪಡಿಯ ನಂತರ ಭಾರತದ ಹಕ್ಕುಸ್ವಾಮ್ಯ ಕಾಯ್ದೆ, ಲಾಭೋದ್ದೇಶವಿಲ್ಲದ ಸಾರ್ವಜನಿಕ ಗ್ರಂಥಾಲಯಗಳು ಸಂರಕ್ಷಣೆಗಾಗಿ ಕೃತಿಯ ಡಿಜಿಟಲ್ ಪ್ರತಿ ಇರಿಸಿಕೊಳ್ಳಬಹುದೆಂದು ಅನುಮತಿಸಿದೆ. ಆ ಕೃತಿಯ ಡಿಜಿಟಲ್ ಅಲ್ಲದ ಪ್ರತಿಯೊಂದು ಗ್ರಂಥಾಲಯದಲ್ಲಿ ಈಗಾಗಲೇ ಇರಬೇಕೆಂಬುದು ಅದರ ಷರತ್ತು. ಹಾಗಾಗಿ ಇ-ಪುಸ್ತಕವಾಗಿಯೇ ಹುಟ್ಟಿ, ಮುದ್ರಣವನ್ನೇ ಕಾಣದ ಕನ್ನಡ ಕೃತಿಗೆ ಈ ಎರಡು ಕಾಯ್ದೆಗಳ ಆಶ್ರಯವೂ ಇಲ್ಲ.

ಕನ್ನಡಕ್ಕೆ ಇದರಿಂದಾಗುವ ಅಪಾಯ ಇಂಗ್ಲಿಷಿಗಿಂತ ಹೆಚ್ಚು. ಕನ್ನಡ ಪುಸ್ತಕಗಳ ಮುದ್ರಣಸಂಖ್ಯೆ ಚಿಕ್ಕದು. ಗ್ರಂಥಾಲಯ ಇಲಾಖೆಯ ಸಗಟು ಖರೀದಿ ಎಷ್ಟೋ ಪ್ರಕಾಶಕರಿಗೆ ಆಧಾರ. ಆ ಯೋಜನೆಯಲ್ಲಿ ಕೊಂಡ ಪ್ರತಿಗಳು ಜಿಲ್ಲೆ ಜಿಲ್ಲೆಗಳ ಕಪಾಟುಗಳಲ್ಲಿ ಹರಡಿಕೊಂಡಿವೆ. ಒಂದು ಊರಿನಲ್ಲಿ ಗೆದ್ದಲು ತಿಂದರೂ ಇನ್ನೊಂದು ಊರಿನಲ್ಲಿ ಪ್ರತಿ ಉಳಿದಿರುತ್ತದೆ. ಅತ್ತಿಮಬ್ಬೆಯ ಸಾವಿರ ಪ್ರತಿಗಳ ಹಿಂದಿನ ವಿವೇಕವೂ ಇದೇ. ಇದೇ ಹಣ ವಾರ್ಷಿಕ ಪರವಾನಗಿಗೆ ವ್ಯಯವಾದರೆ, ಒಪ್ಪಂದ ಮುಗಿದ ಮರುದಿನ ಗ್ರಂಥಾಲಯದಲ್ಲಿ ಉಳಿಯುವುದು ಏನೂ ಇಲ್ಲ.

ಲಿಪಿಯ ಸಮಸ್ಯೆಯನ್ನೂ ಇಲ್ಲಿ ಗಮನಿಸಬೇಕು. ಓಲೆಗರಿ ಶಿಥಿಲವಾಗುವ ಮುನ್ನ ಲಿಪಿಕಾರರು ಮರುಪ್ರತಿ ಮಾಡುತ್ತಿದ್ದರು. ಹಳಗನ್ನಡ ಕಾವ್ಯಗಳು ಉಳಿದು ಬಂದ ಬಗೆ ಅದು. ಡಿಜಿಟಲ್ ಕಡತಕ್ಕೂ ಮರುಪ್ರತಿ ಬೇಕು. ಯೂನಿಕೋಡ್ ಬಳಕೆಗೆ ಬರುವ ಮುನ್ನ ನುಡಿ, ಬರಹ, ಶ್ರೀಲಿಪಿ ಮುಂತಾದ ತಂತ್ರಾಂಶಗಳ ಅಕ್ಷರಸಂಕೇತಗಳಲ್ಲಿ ಜೋಡಿಸಿದ ಕನ್ನಡ ಪಠ್ಯ, ಆಯಾ ಫಾಂಟ್ ಇಲ್ಲದ ಗಣಕದಲ್ಲಿ ಅರ್ಥಹೀನ ಚಿಹ್ನೆಗಳ ಸಾಲಾಗಿ ಕಾಣುತ್ತದೆ. ಅದನ್ನು ಪರಿವರ್ತಿಸಿ ಉಳಿಸುವ ಅಧಿಕಾರ ಕಡತದ ಒಡೆಯನಿಗಿದೆ, ಬಾಡಿಗೆದಾರನಿಗಿಲ್ಲ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪಾಲುದಾರಿಕೆಯಲ್ಲಿ ರೂಪುಗೊಂಡ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯ ಅನುಭವ ಈ ದೃಷ್ಟಿಯಿಂದ ಬೋಧಪ್ರದವಾಗಿದೆ. ಅಪರೂಪದ ಕನ್ನಡ ಗ್ರಂಥಗಳನ್ನು ಸ್ಕ್ಯಾನ್ ಮಾಡಿದ ಆ ಯೋಜನೆಯ ಮೂಲ ಜಾಲತಾಣ ಮುಂದೆ ಸ್ಥಗಿತಗೊಂಡಿತು. ಅಲ್ಲಿದ್ದ ಅನೇಕ ಗ್ರಂಥಗಳು ಇಂದಿಗೂ ಸಂಶೋಧಕರಿಗೆ ದೊರೆಯುತ್ತಿರುವುದು ಅವುಗಳ ಮತ್ತೊಂದು ಪ್ರತಿ ಇಂಟರ್ನೆಟ್ ಆರ್ಕೈವ್‌ನಲ್ಲಿ ಇದ್ದುದರಿಂದ.

ಈ ಹಿನ್ನೆಲೆಯಲ್ಲಿ ನೋಡಿದರೆ ಗ್ರಂಥಾಲಯಗಳ ಮುಂದಿರುವ ಕಾರ್ಯ ಸ್ಪಷ್ಟವಾಗುತ್ತದೆ. ಸಲ್ಲಿಕೆ ಕಾಯ್ದೆ ಇ-ಪುಸ್ತಕವನ್ನೂ ಒಳಗೊಳ್ಳಬೇಕು. ಸಾರ್ವಜನಿಕ ಹಣದಿಂದ ಪಡೆದ ಪ್ರತಿ ಇ-ಪುಸ್ತಕದ ಒಂದು ಕಡತವಾದರೂ ಶಾಶ್ವತವಾಗಿ, ಪರಿವರ್ತಿಸುವ ಹಕ್ಕಿನೊಂದಿಗೆ, ರಾಜ್ಯದ ಗ್ರಂಥಾಲಯದಲ್ಲಿ ಉಳಿಯಬೇಕು. ಎರವಲಿನ ಪ್ರಮಾಣಕ್ಕೆ ಅನುಗುಣವಾಗಿ ಲೇಖಕನಿಗೆ ಸಂಭಾವನೆ ಸಲ್ಲಬೇಕು. ಇವುಗಳಲ್ಲಿ ಯಾವುದೂ ಪ್ರಕಾಶಕನ ವ್ಯಾಪಾರಕ್ಕೆ ಮಾರಕವಲ್ಲ. ಕಪಾಟಿನಲ್ಲಿರಲಿ, ಕಡತದಲ್ಲಿರಲಿ, ತನ್ನದೆಂದು ಹೇಳಿಕೊಳ್ಳಬಹುದಾದ ಸಂಗ್ರಹವಿಲ್ಲದ ಗ್ರಂಥಾಲಯ ಇಂದಿನ ಓದುಗನಿಗೆ ಸೇವೆ ಒದಗಿಸಬಹುದು. ಮುಂದಿನ ಶತಮಾನದ ಸಂಶೋಧಕ ಇಂದಿನ ಕನ್ನಡ ಕೃತಿಯನ್ನು ಹುಡುಕಿಕೊಂಡು ಬಂದಾಗ ಅವನ ಕೈಗೆ ಕೊಡಲು ಅದರ ಬಳಿ ಪುಸ್ತಕವಿರುವುದಿಲ್ಲ.