ಗದ್ದೆ, ಕಾಡು, ಮನೆ: ಝುವಾಂಗ್ ಹಳ್ಳಿಗಳ ವಿನ್ಯಾಸ

ಚೀನಾ ದೇಶದ 55 ಅಲ್ಪಸಂಖ್ಯಾತ ಜನಾಂಗಗಳಲ್ಲಿ ಅತಿ ದೊಡ್ಡದು ಝುವಾಂಗ್. 2020ರ ಜನಗಣತಿಯಂತೆ ಇವರ ಸಂಖ್ಯೆ 1.95 ಕೋಟಿಗೂ ಮಿಗಿಲು. ಬಹುಪಾಲು ಜನರ ನೆಲೆ ದಕ್ಷಿಣದ ಗುವಾಂಗ್‌ಶಿ ಸ್ವಾಯತ್ತ ಪ್ರದೇಶ. ಇವರ ನುಡಿ ಥಾಯ್ ಭಾಷೆಗೆ ಬಂಧು.

ಆ ನುಡಿಯಲ್ಲಿ 'ನಾ' ಎಂದರೆ ಭತ್ತದ ಗದ್ದೆ. ಗುವಾಂಗ್‌ಶಿಯ ಅಸಂಖ್ಯ ಊರುಗಳ ಹೆಸರು ಈ ಅಕ್ಷರದಿಂದಲೇ ಮೊದಲಾಗುತ್ತದೆ. ನಾಪೋ ಎಂಬುದು ಒಂದು ನಿದರ್ಶನ. ಊರಿನ ರಚನೆಗೂ ಗದ್ದೆಯೇ ಮೂಲ. ಸಮತಟ್ಟಾದ ನೆಲವನ್ನು ಬೆಳೆಗೆ ಬಿಟ್ಟು, ಮನೆಗಳನ್ನು ಬೆಟ್ಟದ ಇಳಿಜಾರಿಗೆ ಏರಿಸುವುದು ರೂಢಿ. ಊರಿನ ಬೆನ್ನಿಗೆ ಬೆಟ್ಟ, ಮುಂದೆ ಗದ್ದೆ ಮತ್ತು ಹೊಳೆ. ಮೇಲಿನ ಕಾಡಿನಲ್ಲಿ ಒಸರುವ ನೀರು ಕಾಲುವೆಗಳ ಮೂಲಕ ಮನೆಗಳನ್ನು ಹಾದು ಗದ್ದೆಗಿಳಿಯುತ್ತದೆ. ಆದುದರಿಂದಲೇ ಊರ ಹಿಂದಿನ ಕಾಡಿಗೆ ಕೊಡಲಿ ಹಾಕುವಂತಿಲ್ಲ. ಕೊಡಗಿನ ದೇವರಕಾಡನ್ನು ಬಲ್ಲ ನಮ್ಮ ಓದುಗರಿಗೆ ಈ ಕಟ್ಟಳೆಯನ್ನು ವಿವರಿಸಬೇಕಾಗಿಲ್ಲ.

ಮನೆಯನ್ನು ಚೀನೀ ಭಾಷೆಯಲ್ಲಿ 'ಗಾನ್‌ಲಾನ್' ಎನ್ನುವರು. ಮರದ ಕಂಬಗಳ ಮೇಲೆ ನಿಂತ ಈ ಮನೆಗೆ ನೆಲವನ್ನು ಸಮ ಮಾಡುವ ಗೋಜಿಲ್ಲ. ಇಳಿಜಾರಿಗೆ ತಕ್ಕಂತೆ ಕಂಬಗಳನ್ನು ಗಿಡ್ಡ ಉದ್ದ ಮಾಡಿದರಾಯಿತು. ಕೆಳಗೆ ದನ, ಹಂದಿ, ನೇಗಿಲು, ನಡುವಣ ಅಂತಸ್ತಿನಲ್ಲಿ ಜನ, ಅಟ್ಟದಲ್ಲಿ ಧಾನ್ಯ. ತೇವದಿಂದಲೂ ಹಾವುಗಳಿಂದಲೂ ರಕ್ಷಣೆ ಇದರ ಮತ್ತೊಂದು ಲಾಭ. ನಡುಮನೆಯಲ್ಲಿ ಬಾಗಿಲಿಗೆದುರಾಗಿ ಪಿತೃಗಳ ಪೀಠವಿರುತ್ತದೆ. ಅಡುಗೆ, ಹರಟೆ, ಅತಿಥಿಸತ್ಕಾರಗಳೆಲ್ಲ ಒಲೆಗುಂಡಿಯ ಸುತ್ತ.

ನೆರೆಯ ದೊಂಗ್ ಜನರ ಊರುಗಳ ನಡುವೆ ಎತ್ತರದ ನಗಾರಿ ಗೋಪುರವಿರುತ್ತದೆ. ಝುವಾಂಗ್ ಹಳ್ಳಿಗೆ ಅಂತಹ ಶಿಖರವಿಲ್ಲ. ಊರ ಬಾಯಿಯ ದೊಡ್ಡ ಮರ, ಅದರಡಿ ಭೂದೇವತೆಯ ಪುಟ್ಟ ಗುಡಿ, ಇಷ್ಟೇ. ಈ ಸರಳತೆಯನ್ನು ಬಡತನವೆಂದು ಭಾವಿಸುವುದು ತಪ್ಪಾದೀತು. ಇಲ್ಲಿ ಪೂಜ್ಯವಾದುದು ಕಟ್ಟಡವಲ್ಲ, ನೆಲ ಮತ್ತು ನೀರು.

ಲೊಂಗ್‌ಶೆಂಗ್ ಸೀಮೆಯ ಲೊಂಗ್‌ಜಿ ಮೆಟ್ಟಿಲುಗದ್ದೆಗಳು 2018ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಜಾಗತಿಕ ಕೃಷಿ ಪರಂಪರೆಯ ಪಟ್ಟಿಗೆ ಸೇರಿದವು. ಪ್ರವಾಸಿಗರು ನೋಡಬರುವುದು ಗದ್ದೆಗಳನ್ನು. ತಂಗುವುದು ಅಲ್ಲಿನ ಪಿಂಗ್‌ಆನ್‌ನಂತಹ ಝುವಾಂಗ್ ಹಳ್ಳಿಗಳಲ್ಲಿ. ಅವರಿಗಾಗಿ ಅನೇಕ ಮನೆಗಳು ಬಹು ಅಂತಸ್ತಿನ ವಸತಿಗೃಹಗಳಾಗಿವೆ. ಯುವಜನರು ದುಡಿಮೆಗಾಗಿ ಗುವಾಂಗ್‌ಡಾಂಗ್‌ನ ನಗರಗಳಿಗೆ ತೆರಳಿದ್ದಾರೆ. ಆದರೆ ಮೆಟ್ಟಿಲುಗದ್ದೆಗೆ ವರ್ಷವರ್ಷವೂ ನೀರು ಕಟ್ಟಲೇಬೇಕು. ಒಣಗಲು ಬಿಟ್ಟರೆ ಬದು ಬಿರಿದು, ಮುಂದಿನ ಮಳೆಗೆ ಕೆಳಗಿನ ಗದ್ದೆಯ ಮೇಲೆ ಕುಸಿಯುತ್ತದೆ.